ಕೂಸಿನ ಮಿದುಳು ಮತ್ತು ಪುಡಿ ಬಾಟಲಿ

‘ಸಾಹೇಬ್ರ, ಜೋರ್ ಔಷಧ ಬರೀರಿ. ನಾಳಿ ಕೂಲಿಗಿ ಹೋಗಬೇಕ್ರಿ.’

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಕೂಸುಗಳನ್ನೆತ್ತಿಕೊಂಡು ಬರುವ ತಾಯಂದಿರ ಈ ಮಾತನ್ನು ಮಕ್ಕಳ ವೈದ್ಯನಾದ ನಾನು ಅದೆಷ್ಟು ಬಾರಿ ಕೇಳಿದ್ದೇನೋ! ನೀರುಭೇದಿಗೆ ಆಂಟಿಬಯಾಟಿಕ್ ಬೇಕಿಲ್ಲವೆಂದು ತಿಳಿದೂ, ಆ ದೈನ್ಯಕ್ಕೆ ಸೋತು ಚೀಟಿ ಬರೆದದ್ದುಂಟು.

ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ವಯಸ್ಕರ ಮಿದುಳಿನ ಸುಮಾರು ಶೇ 80ರಷ್ಟು ಗಾತ್ರಕ್ಕೆ ಬೆಳೆದಿರುತ್ತದೆ. ಇದೇ ಅವಧಿಯಲ್ಲಿ ಮರುಕಳಿಸುವ ಭೇದಿ, ಉಂಡದ್ದನ್ನು ಮೈಗೆ ಹತ್ತಗೊಡುವುದಿಲ್ಲ. ಬ್ರೆಜಿಲ್‌ನ ಫೋರ್ಟಲೆಜಾ ನಗರದ ಕೊಳೆಗೇರಿಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಮೊದಲೆರಡು ವರ್ಷ ಹೆಚ್ಚು ಭೇದಿಗೆ ತುತ್ತಾದ ಮಕ್ಕಳು ಶಾಲಾ ವಯಸ್ಸಿನ ಬುದ್ಧಿಪರೀಕ್ಷೆಗಳಲ್ಲಿ ಹಿಂದುಳಿದದ್ದು ಕಂಡುಬಂತು.

ಎಳೆಯರ ನೀರುಭೇದಿ, ನೆಗಡಿಗಳಿಗೆ ಬಹುಪಾಲು ವೈರಾಣುಗಳೇ ಕಾರಣ. ಆಂಟಿಬಯಾಟಿಕ್ ಅವುಗಳನ್ನು ಮುಟ್ಟುವುದಿಲ್ಲ. ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ಈ ಜೀವಿಗಳಿಗೂ ಮಿದುಳಿಗೂ ಇರುವ ನಂಟು ಇಂದು ವಿಜ್ಞಾನದ ಗಂಭೀರ ಜಿಜ್ಞಾಸೆ. ಡೆನ್ಮಾರ್ಕ್‌ನಲ್ಲಿ 1995ರಿಂದ 2012ರ ನಡುವೆ ಜನಿಸಿದ ಸುಮಾರು 11 ಲಕ್ಷ ಮಂದಿಯನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವು, ಸೋಂಕಿನಿಂದ ಆಸ್ಪತ್ರೆ ಸೇರಿದವರಲ್ಲೂ ಆಂಟಿಬಯಾಟಿಕ್ ಪಡೆದವರಲ್ಲೂ ಮುಂದೆ ಮಾನಸಿಕ ಕಾಯಿಲೆಗಳ ಸಂಭವ ಹೆಚ್ಚೆಂದು ಗುರುತಿಸಿತು. ಆದರೆ ದೋಷ ಸೋಂಕಿನದೋ ಮದ್ದಿನದೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದ್ದರಿಂದ ಮದ್ದಿಗೆ ಹೆದರಬೇಕಿಲ್ಲ. ನ್ಯುಮೋನಿಯಾ, ರಕ್ತಭೇದಿ, ಮಿದುಳುಪೊರೆಯ ಉರಿಯೂತಗಳಲ್ಲಿ ಅದೇ ಜೀವದಾನ. ಅಲ್ಲಿ ವಿಳಂಬವೇ ಅಪರಾಧ.

ನೀರುಭೇದಿಗಾದರೋ ಓಆರ್‌ಎಸ್ ದ್ರಾವಣ, ನಿಲ್ಲಿಸದ ಎದೆಹಾಲು ಮತ್ತು 14 ದಿನಗಳ ಸತುವಿನ ಮಾತ್ರೆಯೇ ಚಿಕಿತ್ಸೆ. ಆರು ತಿಂಗಳು ದಾಟಿದ ಮಗುವಿಗೆ ಸತು ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಎಳೆಯ ಕೂಸಿಗೆ 10. ಇದನ್ನು ಹೇಳಲು ಹತ್ತು ನಿಮಿಷ ಬೇಕು. ಚೀಟಿ ಬರೆಯಲು ಅರ್ಧ ನಿಮಿಷ ಸಾಕು. ಸೋಲುವುದು ಇಲ್ಲಿಯೇ.

ಮನೆಯಲ್ಲಿ ಆ ಪುಡಿ ಬಾಟಲಿಗೆ ಬೆರೆಸುವುದು ಯಾವ ನೀರನ್ನು? ಬಹಳ ಸಲ, ಭೇದಿ ತಂದ ಅದೇ ಕೊಡದ ನೀರನ್ನು. ಉಳಿದ ಔಷಧ ಗೋಡೆಯ ಗೂಡು ಸೇರಿ, ಮುಂದಿನ ಜ್ವರಕ್ಕೆ ಮತ್ತೆ ಹೊರಬರುತ್ತದೆ.

ಭೀಮಾ ತೀರದ ಊರುಗಳಿಗೆ ಶುದ್ಧ ನೀರು, ಬಳಸಬಹುದಾದ ಶೌಚಾಲಯ ಒದಗಬೇಕು. ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳಲ್ಲಿ ಸೋಪು, ಓಆರ್‌ಎಸ್ ತಪ್ಪದೆ ಇರಬೇಕು. ಕೂಸಿನ ಪಕ್ಕ ಎರಡು ದಿನ ಕೂತರೆ ಒಲೆ ಉರಿಯದೆಂಬ ತಾಯಿಗೆ, ನನ್ನ ಚೀಟಿಯಲ್ಲಿ ಬರೆಯಲಾಗದ ಮದ್ದು ಇದು.