ನಾಲ್ಕರ ಜಾಗದಲ್ಲಿ ಐದನೇ ಹಾಸಿಗೆ

ನಾಲ್ಕು ಹಾಸಿಗೆಗೆ ಅಂತ ಕಟ್ಟಿದ ಜಾಗ. ಅಲ್ಲಿಗೆ ಐದನೆಯದನ್ನೂ ತಂದು ತುರುಕಿದರೆ ಏನಾಗುತ್ತೆ?

ಆಕ್ಸಿಜನ್, ಕರೆಂಟು, ಸಕ್ಷನ್ ಯಾವುದೂ ತಕ್ಷಣ ಕೈಗೆ ಸಿಗೋದಿಲ್ಲ. ಹೃದಯ ನಿಂತ ರೋಗಿಯ ಪಕ್ಕ ಡಾಕ್ಟರು, ನರ್ಸು ನಿಲ್ಲೋದಕ್ಕೂ ಜಾಗ ಇರೋದಿಲ್ಲ. ಅಲ್ಲಿ ಒಂದೊಂದು ಸೆಕೆಂಡೂ ಜೀವದ ಪ್ರಶ್ನೆ.

ಇಂಗ್ಲೆಂಡಿನ ಕೊವೆಂಟ್ರಿಯ ವಾಲ್ಸ್‌ಗ್ರೇವ್ ಆಸ್ಪತ್ರೆಯಲ್ಲಿ ಇದೇ ನಡೀತಿತ್ತು. ಹೃದ್ರೋಗ ತಜ್ಞ ಡಾ. ರಾಜ್ ಮಟ್ಟು ಇದು ಅಪಾಯ ಅಂತ ಎಚ್ಚರಿಸಿದರು. 2001ರಲ್ಲಿ ಜನರ ಮುಂದೆಯೇ ಹೇಳಿದರು, ರೋಗಿಗಳ ಜೀವ ಹೋಗ್ತಿದೆ ಅಂತ.

2002ರ ಫೆಬ್ರವರಿಯಲ್ಲಿ ಸಸ್ಪೆಂಡ್ ಆಗಿದ್ದು ಅವರೇ! ಕಿರುಕುಳದ ಆರೋಪ ಮುಂದಿಟ್ಟರು. ಆಮೇಲೆ ಆರೋಪಗಳ ಪಟ್ಟಿ ಬೆಳೀತಾ ಹೋಗಿ 200 ದಾಟಿತು.

ಸಂಬಳವೇನೋ ಬರ್ತಿತ್ತು. ಆದರೆ ಹೃದ್ರೋಗ ತಜ್ಞರೊಬ್ಬರು ವರ್ಷಗಟ್ಟಲೆ ರೋಗಿಯ ನಾಡಿ ಹಿಡಿಯದೆ ಕೂರೋದು ಅಂದರೆ ಏನು, ಯೋಚಿಸಿ. ಕೈಗೆ ಅಭ್ಯಾಸ ತಪ್ಪುತ್ತೆ, ಹೆಸರಿಗೆ ಮಸಿ ಅಂಟುತ್ತೆ. ಅವರ ಕೈಗುಣ ಸಿಗಬೇಕಿದ್ದ ರೋಗಿಗಳಿಗಾದ ನಷ್ಟಕ್ಕೆ ಲೆಕ್ಕವೇ ಇಲ್ಲ. ನನಗೆ ಅತಿ ಹೆಚ್ಚು ಸಂಕಟ ಕೊಡೋದು ಇದೇ.

2010ರಲ್ಲಿ ಕೆಲಸದಿಂದಲೇ ತೆಗೆದರು.

ಸತ್ಯ ಹೇಳೋ ನೌಕರರನ್ನು ಕಾಪಾಡೋಕೆ ಬ್ರಿಟನ್‌ನಲ್ಲಿ 1998ರಲ್ಲೇ ಕಾನೂನು ಬಂದಿತ್ತು. ಆದರೂ ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟಿದ್ದು 2014ರಲ್ಲಿ: ವಜಾ ಮಾಡಿದ್ದು ಅನ್ಯಾಯ, ದನಿ ಎತ್ತಿದ್ದಕ್ಕೆ ಅವರಿಗೆ ತೊಂದರೆ ಕೊಡಲಾಗಿದೆ ಅಂತ. 2016ರಲ್ಲಿ ಸುಮಾರು 12 ಲಕ್ಷ 20 ಸಾವಿರ ಪೌಂಡ್ ಪರಿಹಾರ ಸಿಕ್ಕಿತು.

ಸಸ್ಪೆಂಡ್ ಆದ ದಿನದಿಂದ ಅಷ್ಟೊತ್ತಿಗೆ 14 ವರ್ಷ ಕಳೆದಿತ್ತು.