ಲಿನಕ್ಸ್ ಗಣಕಯಂತ್ರದಲ್ಲಿ ಕೋಡ್ ಎಡಿಟರ್ ಅಳವಡಿಸಿ ಕನ್ನಡ ಅರ್ಜಿ ಸಿದ್ಧಪಡಿಸುವ ವಿಧಾನ

ಶಿವಮೊಗ್ಗ ನಗರದ ವಿನೋಬನಗರ ಮುಂತಾದ ಬಡಾವಣೆಗಳ ನಾಗರಿಕರು ಆನ್‌ಲೈನ್ ಅರ್ಜಿಯ ಕನ್ನಡ ಪಠ್ಯವನ್ನು ಮನೆಯ ಲಿನಕ್ಸ್ ಗಣಕಯಂತ್ರದಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದಾಗಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯ ಪಠ್ಯವನ್ನು ಅರ್ಜಿ ನಮೂನೆಗೆ ಅಂಟಿಸಿದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡಿ, ಅರ್ಜಿದಾರರ ಹೆಸರು, ವಿಳಾಸ ಓದಲು ಬಾರದಂತಾಗುತ್ತವೆ. ಇದನ್ನು ತಪ್ಪಿಸಲು ಈ ಕೆಳಕಂಡ ಕ್ರಮ ಅನುಸರಿಸುವುದು.

1. ಲಿನಕ್ಸ್ ಮಿಂಟ್‌ನ ‘ಸಾಫ್ಟ್‌ವೇರ್ ಮ್ಯಾನೇಜರ್’ ತೆರೆದು, ಇಂಗ್ಲಿಷಿನ ಜಿ, ಇ, ಎ, ಎನ್, ವೈ ಅಕ್ಷರಗಳಿಂದ ‘ಜೀನಿ’ ಎಡಿಟರನ್ನು ಹುಡುಕುವುದು.

2. ‘ಇನ್‌ಸ್ಟಾಲ್’ ಒತ್ತಿ, ಗಣಕಯಂತ್ರದ ಗುಪ್ತಪದ ನಮೂದಿಸುವುದು. ಇದು ಉಚಿತ ತಂತ್ರಾಂಶವಾಗಿದ್ದು, ಯಾರಿಗೂ ಶುಲ್ಕ ನೀಡಬೇಕಾಗಿಲ್ಲ.

3. ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ‘ಕಗಪ’ ವಿನ್ಯಾಸ ಸೇರಿಸುವುದು. ಇದು ನುಡಿ ಬಳಸಿದವರಿಗೆ ಪರಿಚಿತವಾದುದು. ಒತ್ತಕ್ಷರಕ್ಕೆ ಎಫ್ ಕೀಲಿ ಬಳಸಬೇಕು. ಜಿ, ಎಫ್, ಜಿ ಒತ್ತಿದಲ್ಲಿ ‘ಗ್ಗ’ ಮೂಡುತ್ತದೆ.

4. ‘ಡಾಕ್ಯುಮೆಂಟ್’ ಪಟ್ಟಿಯಲ್ಲಿ ಯುಟಿಎಫ್-8 ಆಯ್ಕೆಯಾಗಿರುವುದನ್ನು ಖಚಿತಪಡಿಸಿಕೊಂಡು ಕಡತ ಉಳಿಸುವುದು.

5. ಪರೀಕ್ಷೆಗಾಗಿ ‘ಶಿವಮೊಗ್ಗ’ ಎಂದು ಬರೆದು ಉಳಿಸಿ, ಕಡತವನ್ನು ಮುಚ್ಚಿ ಪುನಃ ತೆರೆಯುವುದು. ಅಕ್ಷರಗಳು ಹಾಗೆಯೇ ಇದ್ದಲ್ಲಿ ಅಳವಡಿಕೆ ಸರಿಯಾಗಿದೆ.

ಸೂಚನೆ: ಪಠ್ಯವನ್ನು ಅರ್ಜಿಗೆ ಅಂಟಿಸಿದ ನಂತರ ಹೆಸರನ್ನು ಮೂಲ ದಾಖಲೆಯೊಂದಿಗೆ ಅಕ್ಷರಶಃ ತಾಳೆ ನೋಡಿ, ಆನಂತರವೇ ಸಲ್ಲಿಸತಕ್ಕದ್ದು.