ಅಪ್ಪನ ಮಾರುತಿಗೆ ನಾನೇ ಮೇಸ್ತ್ರಿ

ನಮ್ಮ ಮನೆಯ ಮಾರುತಿ 800 ನನಗಿಂತ ಎರಡು ವರ್ಷ ದೊಡ್ಡದು. 1999ರ ಮಾಡೆಲ್, ಕೆಎ–04 ನಂಬರು, ಬಣ್ಣ ಒಂದು ಕಾಲಕ್ಕೆ ಬಿಳಿ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿರುವ ಅಪ್ಪ ಅದನ್ನು ನಿವೃತ್ತ ಮೇಷ್ಟ್ರೊಬ್ಬರಿಂದ ಕೊಂಡಿದ್ದು ಕಾರಿನಲ್ಲಿ ತಿರುಗುವ ಆಸೆಗಲ್ಲ. ಹಿಂದಿನ ಸೀಟು ಮಡಚಿದರೆ ಸೀರೆಯ ಗಂಟುಗಳು ಹಿಡಿಸುತ್ತವೆ ಎಂಬ ಲೆಕ್ಕಕ್ಕೆ. ವಾರಕ್ಕೊಮ್ಮೆ ಚಿಕ್ಕಪೇಟೆಗೆ ಸೀರೆ ಹೋಗಬೇಕು, ಬರುವಾಗ ನೂಲು ಬರಬೇಕು. ಆ ಕೆಲಸ ಈಗ ನನ್ನದು. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ಮಗನಿಗೆ ಮನೆಯಲ್ಲಿ ಸಿಗುವ ಮೊದಲ ಹುದ್ದೆ ಡ್ರೈವರ್‌ನದೇ ಅಲ್ಲವೇ?

ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ರಾಜಾನುಕುಂಟೆ ಬಳಿ ಸಾಲುಗಟ್ಟಿ ನಿಂತಿದ್ದ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದೆ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟಿತ್ತು. ನಾನು ಅದನ್ನು ನೋಡಿದ್ದು ಬಾನೆಟ್ಟಿನಿಂದ ಹಬೆ ಎದ್ದ ಮೇಲೆ. ಗಾಬರಿಯಲ್ಲಿ ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದ ಲಾರಿಯ ಕ್ಲೀನರ್ ಹುಡುಗ ‘ಅಣ್ಣಾ, ಮುಟ್ಬೇಡ, ಮುಖ ಸುಟ್ಟೋಯ್ತದೆ’ ಎಂದು ಕೂಗಿದ. ಅವನ ಹೆಸರೂ ಕೇಳಲಿಲ್ಲ ನಾನು. ಅವನು ಹೇಳಿದ್ದು ಎಷ್ಟು ನಿಜವೆಂದು ಆಮೇಲೆ ಓದಿ ತಿಳಿದುಕೊಂಡೆ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸುಮಾರು 900 ಮೀಟರ್ ಎತ್ತರದ ನಮ್ಮೂರಲ್ಲಿ 97ರ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ. ಬಿಸಿ ಇದ್ದಾಗ ಅದನ್ನು ತಿರುಗಿಸಿದರೆ ಒತ್ತಡ ಇಳಿದು, ನೂರು ಡಿಗ್ರಿ ಮೀರಿದ ನೀರು ಒಂದೇ ಏಟಿಗೆ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ ಆರಿಸಿ ಅರ್ಧ ಗಂಟೆಯಾದರೂ ಕಾಯಬೇಕು. ಬಾನೆಟ್ ತೆರೆದು ಸುಮ್ಮನೆ ಕೂರುವುದು ಆಗ ಮಾಡಬಹುದಾದ ಅತ್ಯುತ್ತಮ ರಿಪೇರಿ.

ಹೇಗೋ ಊರಿಗೆ ತಂದು ಗ್ಯಾರೇಜಿಗೆ ಬಿಟ್ಟೆವು. ‘ಹೆಡ್ ಗ್ಯಾಸ್ಕೆಟ್ ಹೋಗೈತೆ. ಇಂಜಿನ್ ಕೆಳಗಿಳಿಸಬೇಕು, ಹದಿನೆಂಟು ಸಾವಿರ ಇಟ್ಕೊಳ್ಳಿ’ ಎಂದರು. ಆ ತಿಂಗಳು ಎರಡು ಮಗ್ಗ ನೂಲಿಲ್ಲದೆ ನಿಂತಿದ್ದವು. ಅಪ್ಪ ‘ಗುಜರಿಗೆ ಹಾಕೋಣ ಬಿಡು’ ಎಂದರು. ಆದರೆ ಕಾರು ಹೋದರೆ ವಾರವಾರ ಗೂಡ್ಸ್ ಆಟೊ ಬಾಡಿಗೆ ತೆರಬೇಕು, ಸೀರೆಯಲ್ಲಿ ಉಳಿಯುವುದೇ ಅಷ್ಟು. ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಇನ್ನೊಂದು ಮಾತು ಹೇಳಿದರು: ‘ಮಗ್ಗ ನಿಂತ್ರೆ ತಕ್ಷಣ ಮೇಸ್ತ್ರೀನ ಕರೀತೀವಾ? ಎಳೆ ಹರಿದಿದ್ಯಾ, ಬೆಲ್ಟು ಜಾರಿದ್ಯಾ, ಕರೆಂಟಾದ್ರೂ ಐತಾ ಅಂತ ನೋಡ್ತೀವಲ್ಲ. ಇದನ್ನ ಒಂದ್ಸಲನೂ ನಾವು ನೋಡೇ ಇಲ್ವಲ್ಲಪ್ಪ.’

ಮಾರನೇ ದಿನ ಕಾರನ್ನು ಮನೆಗೆ ಎಳೆಸಿಕೊಂಡು ಬಂದೆವು. ನೆರೆಮನೆಯ ಅಣ್ಣ ಐಟಿಐನಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಕೋರ್ಸ್ ಮಾಡಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾರೆ. ಶಿಫ್ಟ್ ಮುಗಿಸಿ ಬಂದವರು ಕಾರು ಮುಟ್ಟುವ ಮೊದಲು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಓಡ್ತಾ ಇರುವಾಗ ಕಾಯ್ತದೋ, ನಿಂತಾಗ ಕಾಯ್ತದೋ?’ ಯೋಚಿಸಿದೆ. ಹೈವೇಯಲ್ಲಿ ಮುಳ್ಳು ಅಲುಗಾಡುವುದಿಲ್ಲ. ಸಿಗ್ನಲ್‌ನಲ್ಲಿ, ಟ್ರಾಫಿಕ್‌ನಲ್ಲಿ ಮಾತ್ರ ಏರುತ್ತದೆ. ‘ಹಂಗಾದ್ರೆ ಮೊದಲು ಫ್ಯಾನ್ ನೋಡು’ ಎಂದರು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಕರೆಂಟ್ ಫ್ಯಾನಿನದು. ಅಷ್ಟು ಸರಳ. ಎಂಟು ವರ್ಷದಿಂದ ಕಾರು ಇದ್ದರೂ ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಆದರೂ ಗ್ಯಾಸ್ಕೆಟ್ ಹೋಗಿಲ್ಲವೆಂದು ಖಾತ್ರಿ ಬೇಕಿತ್ತು. ಇಂಜಿನ್ ಪೂರ್ತಿ ತಣ್ಣಗಿರುವಾಗ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಬದಿ ನೋಡಿದೆವು. ನೀರು ಬೆರೆತಿದ್ದರೆ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ನಮ್ಮದು ಕಪ್ಪಗಿತ್ತು, ಅಷ್ಟೇ. ಆಮೇಲೆ ರೇಡಿಯೇಟರ್ ತುಂಬಿಸಿ, ಮುಚ್ಚಳ ತೆಗೆದೇ ಇಂಜಿನ್ ಸ್ಟಾರ್ಟ್ ಮಾಡಿದೆವು. ಒಂದೆರಡು ಗುಳ್ಳೆ ಬಂದು ನಿಂತವು. ಬಿಡದೆ ಗುಳ್ಳೆ ಏಳುತ್ತಿದ್ದರೆ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಕಾರುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದು. ಗ್ಯಾರೇಜಿನವರನ್ನು ಸುಮ್ಮನೆ ದೂರುವ ಹಾಗೂ ಇಲ್ಲ. ಕುದ್ದ ಇಂಜಿನ್ನನ್ನೇ ಓಡಿಸಿಕೊಂಡು ಬಂದರೆ ಗ್ಯಾಸ್ಕೆಟ್ ನಿಜಕ್ಕೂ ಹೋಗುತ್ತದೆ. ನಮ್ಮದು ಬಚಾವಾಗಿತ್ತು. ಅವರು ನೋಡದೆ ಹೇಳಿದರು, ನಾವು ಕೇಳದೆ ಒಪ್ಪಿಕೊಳ್ಳಲಿದ್ದೆವು.

ಫ್ಯೂಸ್ ಸರಿಯಿತ್ತು. ಫ್ಯಾನಿನ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟರೆ ಗಿರ್ರನೆ ತಿರುಗಿತು. ಅಂದರೆ ಮೋಟಾರೂ ಸರಿ. ಉಳಿದದ್ದು ನೀರು ಕಾದಾಗ ಫ್ಯಾನಿಗೆ ಕರೆಂಟು ಬಿಡುವ ಹೆಬ್ಬೆರಳು ಗಾತ್ರದ ಥರ್ಮೋ ಸ್ವಿಚ್. ಅದರ ವೈರಿನ ತುದಿಯಲ್ಲಿ ಹಸಿರು ಕಿಲುಬು. ಕೆರೆದು ಹಾಕಿದರೂ ಸ್ವಿಚ್ ಏಳಲಿಲ್ಲ. ಅದನ್ನು ಬಿಟ್ಟು ವೈರುಗಳನ್ನು ಕೂಡಿಸಿದರೆ ಫ್ಯಾನ್ ತಿರುಗುತ್ತದೆ. ಕಳ್ಳ ಸಿಕ್ಕಿದ. ಮರುದಿನ ಬಸ್ಸು ಹತ್ತಿ ಜೆ.ಸಿ. ರಸ್ತೆಗೆ ಹೋಗಿ ಹಳೆಯ ಸ್ವಿಚ್ ತೋರಿಸಿ ಅಂಥದ್ದೇ ಹೊಸದು ತಂದೆ. ನಾನೂರು ರೂಪಾಯಿಯೊಳಗೆ ಮುಗಿಯಿತು. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಆದರೆ 1983ರಿಂದ ಮೂವತ್ತು ವರ್ಷ ಬಂದ ಗಾಡಿಯಾದ್ದರಿಂದ ಬಿಡಿಭಾಗಕ್ಕೆ ಈಗಲೂ ಬರವಿಲ್ಲ. ಹಳೆ ಕಾರು ಕೊಳ್ಳುವ ಯೋಚನೆ ಇದ್ದರೆ ಮೈಲೇಜಿಗಿಂತ ಮೊದಲು ಇದನ್ನು ವಿಚಾರಿಸಿ. ಅಪರೂಪದ ಕಾರು ನೋಡಲು ಚೆಂದ, ಕೆಟ್ಟಾಗ ಗೊತ್ತಾಗುತ್ತದೆ.

ರೇಡಿಯೇಟರ್ ಖಾಲಿ ಮಾಡಿದಾಗ ಬಂದದ್ದು ಚಹಾ ಬಣ್ಣದ ನೀರು, ಜೊತೆಗೆ ಸುಣ್ಣದ ಚಕ್ಕೆಗಳು. ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿಗೂ ಕೆಳಗಿನಿಂದ ಎತ್ತುವ ಬೋರ್‌ವೆಲ್ ನೀರು ಬಿಂದಿಗೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಎಲ್ಲರಿಗೂ ಗೊತ್ತು. ಅದೇ ನೀರನ್ನು ಎಂಟು ವರ್ಷ ಇಂಜಿನ್ನಿಗೂ ಕುಡಿಸಿದ್ದೆವು! ಈಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕುತ್ತೇನೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಮೇಲೇರಿಸುತ್ತದೆ. ತೆಗೆದ ಹಳೆ ಕೂಲೆಂಟನ್ನು ಮಾತ್ರ ಚರಂಡಿಗೆ ಚೆಲ್ಲಬೇಡಿ. ಅದು ಸಿಹಿ ಇರುತ್ತದೆ, ವಿಷವೂ ಹೌದು. ನಾಯಿ, ದನ ನೆಕ್ಕಿದರೆ ಉಳಿಯುವುದಿಲ್ಲ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳರ ಸ್ಪ್ಯಾನರ್, ಒಂದು ಪ್ಲಗ್ ಪಾನಾ, ಒಂದು ಟೆಸ್ಟ್ ಲ್ಯಾಂಪ್ ತಂದೆ. ಈ ಕಾರಿನ ಬಹುಪಾಲು ಬೋಲ್ಟು ಅಷ್ಟರಲ್ಲೇ ಬಿಚ್ಚುತ್ತವೆ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನಿಗೆ ಮೂರೇ ಪ್ಲಗ್. ಬಿಚ್ಚಿದರೆ ಬಣ್ಣವೇ ಕತೆ ಹೇಳುತ್ತದೆ. ತಿಳಿ ಕಂದು ಇದ್ದರೆ ಆರೋಗ್ಯ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಎಣ್ಣೆ ಮೆತ್ತಿದ್ದರೆ ಇಂಜಿನ್ ಒಳಗೆ ಆಯಿಲ್ ಸುಡುತ್ತಿದೆ. ಆಯಿಲ್ ಬದಲಿಸಲು 3 ಲೀಟರ್ ಡಬ್ಬ ಸಾಕು. ಹಳೆ ಆಯಿಲ್ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟು ಬರುತ್ತೇನೆ. ಬ್ಯಾಟರಿ ತುದಿಯ ಬಿಳಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿದರೆ ಮುಗಿಯಿತು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದನ್ನು ಉಲ್ಟಾ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ನನಗೆ ಹಾರಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದೆ ಅಂತ ಹತ್ತು ವರ್ಷದ ಟೈರನ್ನು ನಂಬುವುದು ಬೇಡ. ಇಲಿ ಕಾಟಕ್ಕೆ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವುದು ನಮ್ಮ ಕಡೆಯ ವಿದ್ಯೆ. ವಾಸನೆ ಇರುವತನಕ ಕೆಲಸ ಮಾಡುತ್ತದೆ, ಆಮೇಲೆ ಇಲಿಗಳು ಅದರ ಪಕ್ಕದಲ್ಲೇ ಸಂಸಾರ ಹೂಡುತ್ತವೆ.

ಪೆಟ್ರೋಲ್ ಪೈಪಿನ ವಿಷಯ ಒಂದು ಹೇಳಲೇಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ಗಾಡಿಗಳ ರಬ್ಬರನ್ನು ಇದಕ್ಕೆಂದು ಮಾಡಿದ್ದಲ್ಲ. ಕಾರ್ಬುರೇಟರ್ ಗಾಡಿ ಇರುವವರು ತಿಂಗಳಿಗೊಮ್ಮೆ ಪೈಪನ್ನು ಬೆರಳಲ್ಲಿ ಅದುಮಿ ನೋಡಿ. ಸೀಳು, ಜಿಗುಟು, ವಾಸನೆ ಏನೇ ಇದ್ದರೂ ಗಾಡಿ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡಿ. ಅಲ್ಲಿ ಕೈಚಳಕ ತೋರಿಸಲು ಹೋಗಬಾರದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಆಗಸ್ಟ್‌ನಲ್ಲಿ ಮುಂದಿನ ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆಂದು ಹೊರಟೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಮನೆ ಮುಂದಿನ ಮಣ್ಣಿನ ಮೇಲೆಯೇ ಜಾಕ್ ಇಟ್ಟು ಏರಿಸಿ ಚಕ್ರ ಬಿಚ್ಚಿದೆ. ಅಪ್ಪ ಒಳಗಿನಿಂದ ಬಂದು ‘ಬಿಚ್ಚಿದ ಚಕ್ರನ ಗಾಡಿ ಕೆಳಗೆ ತಳ್ಳು’ ಎಂದು ಹೇಳಿ ಹೋದರು. ಉದಾಸೀನದಿಂದಲೇ ತಳ್ಳಿದೆ. ಪಿಯುಸಿ ಓದುವ ತಂಗಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೆಳಗೆ ಬಿದ್ದ ನಟ್ಟು ತೆಗೆಯಲು ಅವಳು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು. ಜಾಕ್ ಮಣ್ಣಿನಲ್ಲಿ ವಾಲಿತು. ಕಾರು ದಡ್ಡನೆ ಆ ಚಕ್ರದ ಮೇಲೆ ಕೂತಿತು. ಅವಳ ಕೈ ಇದ್ದ ಜಾಗದಲ್ಲಿ ಕಬ್ಬಿಣ ಇತ್ತು. ಇಬ್ಬರೂ ಮಾತಾಡಲಿಲ್ಲ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಈಗ ಜಾಕ್ ಇಡುವುದು ಗಟ್ಟಿ ನೆಲದ ಮೇಲೆ ಮಾತ್ರ. ಎದುರು ಚಕ್ರಕ್ಕೆ ಮುಂದೆ ಹಿಂದೆ ಕಲ್ಲು, ಕೆಳಗೆ ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ನಂಬಿ ಯಾರೂ ಗಾಡಿಯಡಿ ತಲೆ ಹಾಕಬೇಡಿ. ಬ್ರೇಕ್ ಮಾತ್ರ ಗ್ಯಾರೇಜಿಗೇ. ನನ್ನ ಪಾಲಿಗೆ ಬ್ರೇಕ್ ಆಯಿಲ್ ಮಟ್ಟ ನೋಡುವುದಷ್ಟೇ ಉಳಿದಿದೆ. ಆ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಬಿಸಿಯಾದಾಗ ಪೆಡಲ್ ಮೆತ್ತಗಾಗುತ್ತದೆ. ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗುವ ಗೆಳೆಯರು ಇದನ್ನು ನೆನಪಿಡಿ. 1,478 ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಎರಡನೇ ಗೇರಿಗೆ ಹಾಕಿ ಇಂಜಿನ್ನೇ ಗಾಡಿಯನ್ನು ಹಿಡಿಯಲು ಬಿಡಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಫೋಟೊ ತೆಗೆದುಕೊಳ್ಳಿ, ಆರಿದ ಮೇಲೆ ಹೊರಡಿ.

ಹಳೆ ಕಾರು ಅಗ್ಗ ಅಂತ ಮಾತ್ರ ಅಂದುಕೊಳ್ಳಬೇಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನಮ್ಮದು 2024ರಲ್ಲೇ ಮುಗಿದಿತ್ತು, ಪುಣ್ಯ. ಫಾರಂ 25 ತುಂಬಿ ಗಾಡಿ ತೋರಿಸಲು ಹೋದಾಗ ಇಂಡಿಕೇಟರ್ ಒಂದು ಉರಿಯದೆ ವಾಪಸ್ ಬಂದಿದ್ದೆವು. ಹದಿನೈದು ರೂಪಾಯಿಯ ಬಲ್ಬಿಗೆ ಅಪ್ಪನ ಒಂದು ದಿನ ಹೋಯಿತು. ಹೊರಡುವ ಹಿಂದಿನ ಸಂಜೆ ಎಲ್ಲ ದೀಪ, ಹಾರ್ನ್, ವೈಪರ್ ಒಮ್ಮೆ ಹಾಕಿ ನೋಡುವ ಬುದ್ಧಿ ಆಗ ಇರಲಿಲ್ಲ. ಹೊಗೆ ತಪಾಸಣೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸುತ್ತೇವೆ. ಪ್ಲಗ್, ಏರ್ ಫಿಲ್ಟರ್ ಶುಚಿಯಾಗಿದ್ದರೆ ಅದರ ಚಿಂತೆ ಅರ್ಧ ಕಡಿಮೆ.

ಹಳೆ ಲೆಡ್ಜರಿನಲ್ಲಿ ಕಾರಿಗೊಂದು ಪುಟ ತೆರೆದಿದ್ದೇನೆ. ಬಿ.ಕಾಂ. ಓದಿದ್ದು ಅಷ್ಟಕ್ಕಾದರೂ ಬಂತು. ದಿನಾಂಕ, ಕಿಲೋಮೀಟರ್, ಏನು ಹಾಕಿದೆ, ಎಷ್ಟಾಯಿತು. ಮೊದಲ ಸಾಲು ‘ಥರ್ಮೋ ಸ್ವಿಚ್’. ಎಂಟನೆಯದು ‘ಸ್ಟ್ಯಾಂಡ್ 2’. ಅದರ ಎದುರಿನ ಮೊತ್ತ ನೋಡಿ ಅಪ್ಪ ಏನೂ ಕೇಳಲಿಲ್ಲ. ಕೊನೆಯ ಸಾಲು ನಿನ್ನೆಯದು: ‘ಎಡ ಬಾಗಿಲ ರಬ್ಬರ್, ಮಳೆಗೆ ಮೊದಲು.’ ಸೀರೆ ಗಂಟಿಗೆ ನೀರು ಇಳಿಯುವುದು ಅಲ್ಲಿಂದಲೇ.